ಬೆನ್ನಿಯವರು ಆರಿಸಿ ತಂದ ಬಾಟಲಿ

ನಾನು ಒಂದು ವಿಸ್ಕಿ ಬಾಟಲಿ. ಹೀಗೆ ಹೇಳಿದ ಕೂಡಲೇ ಕೆಲವರು ಮುಖ ಸಿಂಡರಿಸುತ್ತಾರೆ, ಕೆಲವರು ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಎರಡೂ ನನಗೆ ಅಭ್ಯಾಸವಾಗಿದೆ.

ಹುಟ್ಟುವ ಮೊದಲು ನಾನು ಬರೀ ಮರಳಾಗಿದ್ದೆ. ಮರಳಿಗೆ ಸುಣ್ಣದಕಲ್ಲು, ಒಡೆದ ಹಳೆಯ ಗಾಜಿನ ಚೂರು ಬೆರೆಸಿ ಕುಲುಮೆಗೆ ಸುರಿದರು. ಕರಗಿ ಕೆಂಪಗೆ ಹರಿದೆ, ಅಚ್ಚಿನೊಳಗೆ ಬಿದ್ದೆ. ಯಂತ್ರ ನನ್ನೊಳಗೆ ಗಾಳಿ ಊದಿತು. ಹೊಟ್ಟೆ ಬಂತು, ಕುತ್ತಿಗೆ ಬಂತು, ಬಾಯಿ ಬಂತು. ಬಾಯಿ ಬಂದ ಮೇಲೆ ಮಾತೂ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಆ ಕೊರತೆ ಎಷ್ಟು ದೊಡ್ಡದೆಂದು ಆಗ ಗೊತ್ತಿರಲಿಲ್ಲ.

ಅಲ್ಲಿಂದ ನನ್ನನ್ನು ಲಾರಿಯಲ್ಲಿ ವಿಸ್ಕಿ ತಯಾರಿಸುವ ಕಾರ್ಖಾನೆಗೆ ಒಯ್ದರು. ಅಲ್ಲಿ ಬಾರ್ಲಿಯಿಂದ ಇಳಿಸಿದ ವಿಸ್ಕಿ ಓಕ್ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ನಿದ್ದೆ ಮಾಡುತ್ತಿತ್ತು. ನಮ್ಮ ಸೀಮೆಯ ಸೆಕೆಗೆ ಅದು ಬೇಗ ಬಲಿಯುತ್ತದಂತೆ. ಅದನ್ನು ನನ್ನೊಳಗೆ ತುಂಬಿಸಿದ ದಿನ ನಾನು ಬೇರೆಯೇ ಆದೆ. ಬೆಲ್ಲದ ಪಾಕ, ಚೆನ್ನಾಗಿ ಹಣ್ಣಾದ ಹಲಸು, ತುಂಬಾ ದಿನ ಮುಚ್ಚಿಟ್ಟ ಮರದ ಪೆಟ್ಟಿಗೆ, ಇವೆಲ್ಲದರ ಪರಿಮಳ ನನ್ನೊಳಗಿತ್ತು. ಬಿರಡೆ ಬಿಗಿದರು, ಲೇಬಲ್ ಅಂಟಿಸಿದರು, ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ ಮಂಗಳೂರಿಗೆ ಕಳಿಸಿದರು.

ಬೆಂದೂರಿನ ಕಡೆ ವಾಮನ ಶೆಟ್ಟರ ವೈನ್ ಶಾಪಿನಲ್ಲಿ ನನ್ನ ಬಾಲ್ಯ ಕಳೆಯಿತು. ಶೆಟ್ಟರು ನಮ್ಮಂಥ ದುಬಾರಿ ಬಾಟಲಿಗಳನ್ನು ಗಾಜಿನ ಕಪಾಟಿನಲ್ಲಿಟ್ಟು ದಿನಾ ಬೆಳಿಗ್ಗೆ ಒರೆಸುತ್ತಿದ್ದರು. ಅಲ್ಲಿ ಕುಳಿತು ಒಂದು ವಿಷಯ ಕಲಿತೆ. ಮನುಷ್ಯರು ಬಾಟಲಿ ಆರಿಸಲು ಕೊಡುವ ಕಾರಣಗಳಿಗೆ ಕೊನೆಯಿಲ್ಲ. ಒಬ್ಬರು ಲೇಬಲ್ಲಿನ ಮೇಲೆ ನವಿಲಿದೆ ಎಂದು ಕೊಂಡರು. ಇನ್ನೊಬ್ಬರು, ಮಾವ ಬರುತ್ತಾರೆ, ಪೆಟ್ಟಿಗೆ ದೊಡ್ಡದಿರಲಿ ಎಂದರು. ಮಗಳು ಹುಟ್ಟಿದ ವರ್ಷವೇ ಪೀಪಾಯಿಗೆ ಹಾಕಿದ್ದು ಬೇಕೆಂದು ಒಬ್ಬರು ಹಟ ಹಿಡಿದು, ಅದು ಸಿಕ್ಕಾಗ ಕಣ್ಣು ಒರೆಸಿಕೊಂಡರು. ಅವಳ ಮದುವೆಯ ದಿನ ತೆರೆಯುತ್ತಾರಂತೆ. ಅವಳು ಆಗಿನ್ನೂ ಒಂದನೇ ಕ್ಲಾಸಿನಲ್ಲಿದ್ದಳು.

ಒಂದು ಸಂಜೆ ಬೆನ್ನಿಯವರು ಬಂದರು. ಬೆನೆಡಿಕ್ಟ್ ಕುವೆಲ್ಲೊ ಎಂದು ಪೂರ್ತಿ ಹೆಸರು. ಕಾಫಿ ಬೀಜ ಹದಮಾಡುವ ಒಂದು ಕಾರ್ಖಾನೆಯಲ್ಲಿ ಕಾಫಿಯ ರುಚಿ ನೋಡಿ ದರ್ಜೆ ಹೇಳುವುದು ಅವರ ಕೆಲಸ. ಅವರು ಒಳಗೆ ಬಂದರೆ ಶೆಟ್ಟರು ಎದ್ದು ನಿಲ್ಲುತ್ತಿದ್ದರು. "ಊರಿನಲ್ಲಿ ಮೂಗು ಅಂತ ಇದ್ರೆ ಅದು ನಿಮ್ಮದು ಸರ್" ಎನ್ನುತ್ತಿದ್ದರು. ಆ ದಿನ ಬೆನ್ನಿಯವರು ಕಪಾಟಿನ ಮುಂದೆ ತುಂಬಾ ಹೊತ್ತು ನಿಂತು ಕೊನೆಗೆ ನನ್ನನ್ನು ಎತ್ತಿಕೊಂಡರು.

"ಇದನ್ನು ನೀವು ಮೊದಲೇ ಕುಡಿದಿದ್ದೀರಲ್ಲ ಸರ್. ಹೊಸತು ಬಂದದ್ದುಂಟು, ತೋರಿಸ್ಲಾ?" ಎಂದರು ಶೆಟ್ಟರು.

"ಬೇಡ ಶೆಟ್ರೆ. ಇದರ ಪರಿಮಳ ನನಗೆ ನೆನಪುಂಟು."

ನನಗೆ ಹೆಮ್ಮೆಯಾಯಿತು. ಇದಕ್ಕಿಂತ ಒಳ್ಳೆಯ ಕಾರಣ ಆ ಅಂಗಡಿಯಲ್ಲಿ ಯಾರೂ ಕೊಟ್ಟಿರಲಿಲ್ಲ.

ಬೆನ್ನಿಯವರ ಮನೆಯಲ್ಲಿ ಅವರೂ ಅವರ ಹೆಂಡತಿ ಸೆವ್ರಿನ್ ಬಾಯಿಯೂ ಇಬ್ಬರೇ. ಮನೆಮಾತು ಕೊಂಕಣಿ; ನನಗೆ ತಿಳಿದಷ್ಟನ್ನು ಕನ್ನಡದಲ್ಲಿ ಹೇಳುತ್ತೇನೆ. ಸೆವ್ರಿನ್ ಬಾಯಿಗೆ ವಿಸ್ಕಿಯೆಂದರೆ ಆಗದು. "ಮತ್ತೊಂದು ಬಂತಾ? ನಿನ್ನ ಸಂತರ ಸಾಲಿಗೆ ಇನ್ನೊಬ್ಬ" ಎಂದು ಕಪಾಟಿನ ಮೇಲೆ ಸಾಲಾಗಿಟ್ಟ ಬಾಟಲಿಗಳನ್ನು ತೋರಿಸಿ ಗೊಣಗಿ ಒಳಗೆ ಹೋದರು. ಅವರು ನೆರೆಮನೆಗೆ ಹೊರಟ ಕೂಡಲೇ ಬೆನ್ನಿಯವರು ಊಟದ ಮೇಜಿನ ಮುಂದೆ ಕುಳಿತು ನನ್ನ ಬಿರಡೆ ತೆಗೆದರು. ನನ್ನ ಬಾಯಿಗೆ ಮೂಗು ತಂದರು.

ಇದ್ದಬದ್ದ ಪರಿಮಳವನ್ನೆಲ್ಲ ಕೊಟ್ಟೆ. ಅವರು ಕಣ್ಣು ಮುಚ್ಚಿ ಉಸಿರೆಳೆದರು. ಮತ್ತೆ ಎಳೆದರು. ಮುಖದಲ್ಲಿ ಏನೂ ಆಗಲಿಲ್ಲ. ಒಂದು ಹನಿ ಅಂಗೈಗೆ ಹಾಕಿ ಉಜ್ಜಿ ಮೂಸಿದರು. ಆಮೇಲೆ ಆ ಕೈಯನ್ನು ಮೇಜಿನ ಮೇಲಿಟ್ಟು ಸುಮ್ಮನೆ ನೋಡುತ್ತ ಕುಳಿತರು.

ನಾನು ಕೆಟ್ಟುಹೋಗಿದ್ದೇನೆ ಎಂದುಕೊಂಡೆ. ಬಿರಡೆ ಸಡಿಲವಿತ್ತೇನೋ, ಲಾರಿಯ ಬಿಸಿಲಿನಲ್ಲಿ ಸತ್ವ ಹೋಯಿತೇನೋ. ಯಾರನ್ನು ಕೇಳಲಿ?

ಬೆನ್ನಿಯವರಿಗೆ ಇಬ್ಬರು ಗೆಳೆಯರಿದ್ದರು. ಒಬ್ಬರು ಬಂದರಿನ ಹತ್ತಿರ ಮಂಜುಗಡ್ಡೆಯ ಕಾರ್ಖಾನೆ ಇಟ್ಟಿದ್ದ ಜಗನ್ನಾಥ ಸಾಲಿಯಾನ್, ಇನ್ನೊಬ್ಬರು ಹಲ್ಲಿನ ಡಾಕ್ಟರು ರಘುವೀರ ಕಾಮತ್. ಆಗಾಗ ಮೂವರೂ ಸೇರುತ್ತಿದ್ದರು. ಪ್ರತಿಯೊಬ್ಬರೂ ಹೊಸದಾಗಿ ಕೊಂಡ ಬಾಟಲಿ ತರಬೇಕು, ಯಾಕೆ ಅದನ್ನೇ ಆರಿಸಿದೆ ಎಂದು ಹೇಳಬೇಕು. ಅದಾದ ಮೇಲೆಯೇ ಕುಡಿಯುವುದು.

ಆ ಶನಿವಾರ ಸಂಜೆ ಬೆನ್ನಿಯವರ ವರಾಂಡದಲ್ಲಿ ಮೇಜು ಹಾಕಿದರು. ಸೆವ್ರಿನ್ ಬಾಯಿ ಹುರಿದ ಸಿಗಡಿ ತಂದಿಟ್ಟರು. ಸಾಲಿಯಾನ್ ಅವರು ಸ್ಕಾಟ್ಲೆಂಡಿನ ಯಾವುದೋ ದ್ವೀಪದ ಬಾಟಲಿ ತೆಗೆದರು. ಬಿರಡೆ ಬಿಚ್ಚಿದ್ದೇ ತಡ, ಹೊಗೆಯ ವಾಸನೆ ವರಾಂಡ ತುಂಬಿತು.

"ಅಪ್ಪನ ದೋಣಿಗೆ ಡಾಂಬರು ಹಚ್ಚುವಾಗ ಇದೇ ವಾಸನೆ ಮಾರಾಯ. ಡಾಂಬರು, ಉಪ್ಪು, ಒಲೆಯ ಹೊಗೆ. ಅಪ್ಪ ಹೋದ ಮೇಲೆ ದೋಣಿಯನ್ನೂ ಮಾರಿದೆವು. ಈಗ ಅವರ ನೆನಪಾದ್ರೆ ಇದನ್ನು ಮೂಸಿ ನೋಡ್ತೇನೆ. ಕುಡಿಯುದು ಕಡಿಮೆ" ಎಂದರು.

ಡಾಕ್ಟರು ತಮ್ಮ ಉದ್ದ ಕುತ್ತಿಗೆಯ ಬಾಟಲಿ ತೋರಿಸಿ, "ನನ್ನದು ಸುಲಭ. ಹೆಂಡತಿಗೆ ಬಾಟಲಿ ಚಂದ ಕಂಡಿತು. ಖಾಲಿಯಾದ್ರೆ ಅವಳಿಗೆ, ತುಂಬಿರುವಷ್ಟು ದಿನ ನನಗೆ" ಎಂದು ನಕ್ಕರು.

ಬೆನ್ನಿಯವರ ಸರದಿ ಬಂತು. ಅವರು ಎಲ್ಲರಿಗೂ ನನ್ನಿಂದ ಸ್ವಲ್ಪ ಸ್ವಲ್ಪ ಹಾಕಿದರು. ಮೂರು ಬಾಟಲಿಗಳಿಂದ ಹಾಕಿದ ಗ್ಲಾಸುಗಳು ಮೇಜಿನ ಮೇಲೆ ಅದಲುಬದಲಾಗಿದ್ದವು. ಕಾರಣ ಹೇಳಲು ಅವರು ಎತ್ತಿಕೊಂಡದ್ದು ನನ್ನ ಗ್ಲಾಸಲ್ಲ, ಸಾಲಿಯಾನರ ಹೊಗೆಯ ಗ್ಲಾಸು. ನಾನು ನೋಡಿದೆ. ಮೂಗಿಗೆ ಹಿಡಿದರು, ಕಣ್ಣು ಮುಚ್ಚಿದರು, ಹೇಳತೊಡಗಿದರು:

"ಮೊದಲು ಬೆಲ್ಲದ ಪಾಕ. ಆಮೇಲೆ ಹಲಸಿನ ಹಣ್ಣು, ಮೆತ್ತಗಿನ ತುಳುವನಲ್ಲ, ಗಟ್ಟಿ ತೊಳೆಯ ಬಕ್ಕೆ. ಕೊನೆಗೆ ಮರದ ಪೆಟ್ಟಿಗೆ ತೆರೆದ ಹಾಗೆ. ನಮ್ಮ ನೆಲದ್ದು ಅಂತ ಕೂಡಲೇ ಗೊತ್ತಾಗ್ತದೆ. ಅದಕ್ಕೇ ತಂದೆ."

ಒಂದು ಮಾತೂ ತಪ್ಪಿರಲಿಲ್ಲ. ಹೇಳಿದ್ದೆಲ್ಲ ನನ್ನದೇ. ಆದರೆ ಅವರ ಕೈಯಲ್ಲಿದ್ದದ್ದು ನಾನಲ್ಲ. ಸಾಲಿಯಾನ್ ಅವರು ಆ ಗ್ಲಾಸನ್ನು ನೋಡಿದರು, ಬಾಯಿ ತೆರೆದರು, ಆಮೇಲೆ ಜೋರಾಗಿ ನಕ್ಕುಬಿಟ್ಟರು. ಬೆನ್ನಿಯವರೂ ನಕ್ಕರು, ಯಾಕೆಂದು ತಿಳಿಯದೆ. ಡಾಕ್ಟರು, "ನಿನ್ನ ಮೂಗಿಗೊಂದು ವಿಮೆ ಮಾಡಿಸು ಬೆನ್ನಿ" ಎಂದರು.

ಆಗ ನನಗೆ ಅರ್ಥವಾಯಿತು. ಕೆಟ್ಟಿದ್ದು ನಾನಲ್ಲ. ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಆಮೇಲಿನ ದಿನಗಳಲ್ಲಿ ಬೆನ್ನಿಯವರು ಯಾರೂ ಇಲ್ಲದಾಗ ನನ್ನನ್ನು ತೆರೆಯುತ್ತಿದ್ದರು. ಕುಡಿಯುತ್ತಿರಲಿಲ್ಲ. ಮೂಸುವುದು, ಮುಚ್ಚುವುದು, ಮತ್ತೆ ತೆರೆಯುವುದು. ಒಮ್ಮೆ ಪಕ್ಕದಲ್ಲಿ ಕಾಫಿಪುಡಿಯ ಡಬ್ಬಿಯನ್ನೂ ಇಟ್ಟುಕೊಂಡು ಅದನ್ನೊಮ್ಮೆ ನನ್ನನ್ನೊಮ್ಮೆ ಮೂಸಿದರು. ಹೆಂಡತಿ ಮೀನು ಸಾರು ಬಡಿಸಿದಾಗ, "ಇವತ್ತು ಭಾರೀ ಚಂದ ಆಗಿದೆ" ಎನ್ನುತ್ತಿದ್ದರು. ದಿನಾ ಹಾಗೆಯೇ. ಸೆವ್ರಿನ್ ಬಾಯಿಗೆ ಖುಷಿಯಾಗುತ್ತಿತ್ತು. ನಾನು ಕಪಾಟಿನ ಮೇಲಿಂದ ನೋಡುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಅವರು ಮಂಡಿನೋವೆಂದು ಹೇಳಿ ಚರ್ಚಿನ ಪೂಜೆಗೆ ಹೋಗಲಿಲ್ಲ. ಸೆವ್ರಿನ್ ಬಾಯಿ ಬೆಕ್ಕು ಬರಬಾರದೆಂದು ಅಡುಗೆಮನೆಯ ಕಿಟಕಿ ಮುಚ್ಚಿ, "ಹಾಲು ಕಾಯಿಸಿಡು, ಮರೀಬೇಡ" ಎಂದು ಹೇಳಿ ಇಗರ್ಜಿಗೆ ನಡೆದರು. ಹೆಂಡತಿ ಬರುವ ಹೊತ್ತಾಗುತ್ತ ಬಂದಾಗ ಬೆನ್ನಿಯವರು ಹಾಲು ಒಲೆಯ ಮೇಲಿಟ್ಟರು. ಆಮೇಲೆ ನನ್ನನ್ನು ಊಟದ ಮೇಜಿಗೆ ತಂದು ಬಿರಡೆ ತೆಗೆದು ಮೂಗು ಹತ್ತಿರ ತಂದು ಕುಳಿತರು. ಹಾಲು ಮರೆತೇಹೋಯಿತು.

ಅಡುಗೆಮನೆಯಲ್ಲಿ ಹಾಲು ಉಕ್ಕಿತು. ಬೆಂಕಿಯ ಮೇಲೆ ಸುರಿದು ಚುಂಯ್ ಎಂದಿತು. ಬೆಂಕಿ ಆರಿತು. ಗ್ಯಾಸು ನಿಲ್ಲಲಿಲ್ಲ.

ಮೊದಲು ನೆಲದ ಮೇಲೆ ಹರಿದು ಬಂತು. ಆಮೇಲೆ ಮೇಜಿನ ಎತ್ತರಕ್ಕೆ ಏರಿತು. ನನ್ನ ಬಾಯಿ ತೆರೆದೇ ಇತ್ತು. ಆ ಕೊಳೆತ ವಾಸನೆ ನನ್ನ ಬೆಲ್ಲದ ಮೇಲೆ, ಹಲಸಿನ ಮೇಲೆ ಬಂದು ಕುಳಿತುಕೊಂಡಿತು. ಬೀದಿಯಲ್ಲಿ ಹೋಗುವ ಯಾರ ಮೂಗಿಗೂ ಗೊತ್ತಾಗುವಂಥ ವಾಸನೆ. ಬೆನ್ನಿಯವರು ಅದರ ನಡುವೆಯೇ ಕುಳಿತು ನನ್ನನ್ನು ಮೂಸುತ್ತಿದ್ದರು.

ಏಳಿ ಬೆನ್ನಿ, ಹೊರಗೆ ಹೋಗಿ ಎಂದು ನನ್ನ ಗಾಜೆಲ್ಲ ಕೂಗಿತು. ಕೇಳುವುದಾದರೂ ಹೇಗೆ? ಮೇಜಿನಿಂದ ಉರುಳಿ ಬೀಳೋಣವೆಂದರೆ ನನಗೆ ಕಾಲಿಲ್ಲ. ಇಟ್ಟಲ್ಲಿ ಇರುವುದು ಬಾಟಲಿಯ ಜಾತಿ.

ಅವರು ಎದ್ದರು. ಹಾಲು ನೆನಪಾಯಿತೆಂದು ಕಾಣುತ್ತದೆ. ಅಡುಗೆಮನೆಗೆ ಹೋಗಿ "ಅಯ್ಯೋ, ಉಕ್ಕಿತಲ್ಲ" ಎಂದರು. ಒರೆಸುವ ಬಟ್ಟೆಯಿಂದ ಕಟ್ಟೆ ಒರೆಸಿದರು. ಬೆಂಕಿ ಆರಿದ್ದು ಕಂಡಿತು. ಮತ್ತೆ ಹಚ್ಚಲು ಲೈಟರ್ ಎತ್ತಿಕೊಂಡರು.

ಹಿಂಬಾಗಿಲು ತೆರೆಯಿತು.

"ಬೆನ್ನೀ! ಒತ್ತಬೇಡ! ಬಿಡು ಅದನ್ನು!"

ಸೆವ್ರಿನ್ ಬಾಯಿ ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿ ಬಂದು ಲೈಟರ್ ಕಿತ್ತುಕೊಂಡರು, ಒಲೆಯ ತಿರುಗುಣಿ ಮುಚ್ಚಿದರು, ಕಿಟಕಿ ತೆರೆದರು, ಗಂಡನ ರಟ್ಟೆ ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋದರು. ಇಬ್ಬರೂ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತರು. ತೆರೆದ ಕಿಟಕಿಯಿಂದ ಅವರ ಮಾತು ನನಗೆ ಕೇಳುತ್ತಿತ್ತು.

"ಗೇಟಿನ ಹತ್ತಿರವೇ ವಾಸನೆ ಹೊಡೀತಿತ್ತು. ನಿನಗೆ ಗೊತ್ತಾಗಲಿಲ್ವಾ?"

"ಹಾಲು ಉಕ್ಕಿತು" ಎಂದರು ಬೆನ್ನಿಯವರು.

"ಬೆನ್ನಿ, ನಿನ್ನ ಹತ್ತಿರ ಕೇಳ್ತಿದ್ದೇನೆ."

"ನನಗೆ ಯಾವುದರ ವಾಸನೆಯೂ ಬರುದಿಲ್ಲ ಸೆವ್ರಿನ್. ಆ ಜ್ವರ ಬಂದಿತ್ತಲ್ಲ, ಅಲ್ಲಿಂದ."

"ದಿನಾ ನನ್ನ ಸಾರು ಚಂದ ಆಗಿದೆ ಅಂತಿದ್ದಿ."

"ಚಂದವೇ ಆಗಿರ್ತದೆ ಅಂತ ನನಗೆ ಗೊತ್ತುಂಟಲ್ಲ."

ಸೆವ್ರಿನ್ ಬಾಯಿ ಸೊಂಟಕ್ಕೆ ಸಿಕ್ಕಿಸಿದ್ದ ಸೀರೆ ಬಿಡಿಸಿಕೊಂಡರು. ಆಮೇಲೆ ಕೇಳಿದರು, "ಮತ್ತೆ ಕೆಲಸ? ಕಾಫಿ ಹೇಗೆ ನೋಡ್ತಿ?"

"ನನ್ನೊಟ್ಟಿಗೆ ನಳಿನಿ ಅಂತ ಹುಡುಗಿ ರುಚಿ ನೋಡ್ತಾಳಲ್ಲ. ಅವಳ ಮುಖ ನೋಡ್ತೇನೆ. ಅವಳ ಹುಬ್ಬು ಗಂಟಾದ್ರೆ ಮಾಲು ಸರಿ ಇಲ್ಲ ಅಂತೇನೆ. ಪಾಪ, ಅವಳು ನನ್ನಿಂದ ಕಲೀತಿದ್ದೇನೆ ಅಂತ ಎಣಿಸಿದ್ದಾಳೆ." ಬೆನ್ನಿಯವರು ತೆರೆದ ಕಿಟಕಿಯ ಕಡೆ ತಿರುಗಿದರು. "ಜ್ವರಕ್ಕೆ ಮೊದಲು ಕೊನೆಗೆ ಕುಡಿದದ್ದು ಆ ವಿಸ್ಕಿ. ಅದರ ಪರಿಮಳ ಒಂದೇ ತಲೆಯಲ್ಲಿ ಸರಿಯಾಗಿ ಉಳಿದದ್ದು. ಅದಾದ್ರೂ ಬರಬಹುದು ಅಂತ ತಂದೆ."

ಅಂಗಡಿಯಲ್ಲಿ ನಾನು ಹೆಮ್ಮೆಪಟ್ಟ ಕಾರಣ ಅದಾಗಿತ್ತು.

ಬೆನ್ನಿಯವರು ಮರುದಿನವೇ ಕಾರ್ಖಾನೆಯಲ್ಲಿ ನಿಜ ಹೇಳಿದರು. ಯಾರೂ ಬೈಯಲಿಲ್ಲ. ಗೋದಾಮಿನಲ್ಲಿ ಮೂಟೆಗಳು ಒಳಬರುವುದು ಹೊರಹೋಗುವುದು ನೋಡುವ ಕೆಲಸ ಕೊಟ್ಟರು. ಕಾಫಿಯ ರುಚಿ ನೋಡುವ ಅವರ ಚಮಚವನ್ನು ನಳಿನಿ ಕಾಗದದಲ್ಲಿ ಸುತ್ತಿ ತಂದುಕೊಟ್ಟು, ಬಾಗಿಲಲ್ಲೇ ಅತ್ತು ಹೋದಳು.

ಸಾಲಿಯಾನ್ ಅವರು ಸುದ್ದಿ ಕೇಳಿ ಬಂದು ತಲೆ ತಗ್ಗಿಸಿ ಕುಳಿತರು. "ನೀನು ನನ್ನ ಗ್ಲಾಸು ಹಿಡಿದು ಹಲಸು ಅಂದೆ. ತಮಾಷೆ ಮಾಡ್ತಿದ್ದಿ ಅಂತ ಎಣಿಸಿದೆ ಮಾರಾಯ" ಎಂದರು. ಡಾಕ್ಟರು ತಮ್ಮ ಪರಿಚಯದ ಮೂಗಿನ ವೈದ್ಯರಲ್ಲಿಗೆ ಕರೆದೊಯ್ದರು. ಅವರು ಔಷಧಿ ಬರೆಯಲಿಲ್ಲ. ನಾಲ್ಕಾರು ಗಾಢ ವಾಸನೆಗಳನ್ನು ದಿನಾ ಮೂಸಿ ಅಭ್ಯಾಸ ಮಾಡಿ, ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರಂತೆ.

ಹಾಗೆ ದಿನಾ ಬೆಳಿಗ್ಗೆ ಊಟದ ಮೇಜಿನ ಮೇಲೆ ಲವಂಗ, ನಿಂಬೆಯ ಸಿಪ್ಪೆ, ಕರ್ಪೂರದ ಪಕ್ಕದಲ್ಲಿ ನನ್ನನ್ನೂ ಇಡತೊಡಗಿದರು. ವಿಸ್ಕಿಯೆಂದರೆ ಆಗದ ಸೆವ್ರಿನ್ ಬಾಯಿ ತಾವೇ ನನ್ನಿಂದ ಒಂದಿಷ್ಟು ಸ್ಟೀಲಿನ ಲೋಟಕ್ಕೆ ಬಗ್ಗಿಸಿ ಗಂಡನ ಮೂಗಿಗೆ ಹಿಡಿಯುತ್ತಿದ್ದರು.

"ಏನಾದ್ರೂ?"

"ಇಲ್ಲ."

ಲೋಟದಲ್ಲಿದ್ದದ್ದನ್ನು ಮೋರಿಗೆ ಚೆಲ್ಲುತ್ತಿದ್ದರು. ನಾಳೆಗೆ ಹೊಸದು. ನಾನು ಹಾಗೆ ಖಾಲಿಯಾದೆ. ವರ್ಷಗಟ್ಟಲೆ ಮರದೊಳಗೆ ಬಲಿತದ್ದು ಹೆಚ್ಚುಕಡಿಮೆ ಎಲ್ಲವೂ ಮೋರಿಗೆ ಹೋಯಿತು. ಅದಕ್ಕೆ ನನಗೆ ದುಃಖವಿಲ್ಲ. ಪ್ರತಿ ಬೆಳಿಗ್ಗೆ ಇವತ್ತು ತಲುಪುತ್ತೇನೆ ಎಂದು ಹೊರಡುತ್ತಿದ್ದೆ. ಎರಡು ಬೆರಳಿನ ದೂರ ಅಷ್ಟೆ. ತಲುಪುತ್ತಿರಲಿಲ್ಲ.

ಕೊನೆಯ ಹನಿಗಳ ದಿನ ಬೆನ್ನಿಯವರು ಲೋಟವನ್ನು ಪಕ್ಕಕ್ಕೆ ಸರಿಸಿದರು. "ಸಾಕು ಸೆವ್ರಿನ್. ಈಗ ನೆನಪೂ ಮಾಸ್ತಾ ಉಂಟು. ಹೇಗಿತ್ತು ಅಂತಲೇ ಗೊತ್ತಾಗುದಿಲ್ಲ."

ಸೆವ್ರಿನ್ ಬಾಯಿ ಲೋಟ ಎತ್ತಿ, ಜೀವಮಾನದಲ್ಲಿ ಮೊದಲ ಬಾರಿಗೆ, ತಾವು ಮೂಸಿದರು. ಮೂಗು ಮುರಿದರು. ಮತ್ತೆ ಮೂಸಿದರು.

"ನನ್ನ ಅಮ್ಮನ ಮದುವೆಯ ಪೆಟ್ಟಿಗೆ ಗೊತ್ತುಂಟಲ್ಲ? ಒಳಗೆ ಯಾರೋ ಹಲಸಿನ ತೊಳೆ ಇಟ್ಟು ಮರೆತ ಹಾಗುಂಟು. ಮೇಲಿಂದ ಸ್ವಲ್ಪ ಬೆಲ್ಲ. ಸ್ವಲ್ಪ ಸುಟ್ಟ ಬೆಲ್ಲ."

ಬೆನ್ನಿಯವರು ಕಣ್ಣು ಮುಚ್ಚಿಕೊಂಡರು. "ಸುಟ್ಟದ್ದು! ಅದನ್ನೇ ಮರೆತಿದ್ದೆ. ಇನ್ನೊಮ್ಮೆ ಹೇಳು."

ಅವರು ಇನ್ನೊಮ್ಮೆ ಹೇಳಿದರು. ಆಮೇಲೆ ಲೋಟ ಚೆಲ್ಲದೆ ಗಂಡನ ಕೈಗೆ ಕೊಟ್ಟರು. ಬೆನ್ನಿಯವರು ಕುಡಿದರು. ಬಿಸಿ ಮಾತ್ರ ಗೊತ್ತಾಯಿತು ಎಂದರು.

ಮುಂದಿನ ಶನಿವಾರದ ಕೂಟಕ್ಕೆ ಸೆವ್ರಿನ್ ಬಾಯಿ ಶೆಟ್ಟರ ಅಂಗಡಿಗೆ ತಾವೇ ಹೋಗಿ ಬೇರೆ ಬಾಟಲಿ ಆರಿಸಿ ತಂದರು. ಅದನ್ನೇ ಯಾಕೆ ಆರಿಸಿದರೋ ಕೇಳಲು ಕೂಟದ ದಿನ ನಾನು ಅಲ್ಲಿರಲಿಲ್ಲ. ಅಷ್ಟರಲ್ಲಿ ನನ್ನನ್ನು ಹಳೆ ಪೇಪರಿನೊಂದಿಗೆ ಗುಜರಿಯವನಿಗೆ ಕೊಟ್ಟಾಗಿತ್ತು.

ಈಗ ನಾನು ಗುಜರಿ ಅಂಗಡಿಯ ಹಿಂದೆ ಗೋಣಿಯೊಂದರಲ್ಲಿದ್ದೇನೆ. ಸುತ್ತ ಬಿಯರ್ ಬಾಟಲಿಗಳು, ಔಷಧಿ ಸೀಸೆಗಳು. ಲಾರಿ ಬಂದರೆ ಒಡೆದು ಚೂರು ಮಾಡುತ್ತಾರೆ, ಮತ್ತೆ ಕುಲುಮೆ. ಕೊಡುವವನ ಕೈಯಲ್ಲಿ ಇರುವುದು ಕೊಡುವುದಷ್ಟೆ ಎಂದು ಈಗ ಅನ್ನಿಸುತ್ತದೆ. ಹಾಗೆ ಅಂದುಕೊಂಡರೂ ಆ ಎರಡು ಬೆರಳಿನ ದೂರ ಮರೆಯಲಾಗುವುದಿಲ್ಲ.

ನಿನ್ನೆ ಗುಜರಿಯವನು ಬಾಟಲಿಗಳನ್ನು ಬೇರೆ ಮಾಡುತ್ತ ನನ್ನನ್ನು ಎತ್ತಿಕೊಂಡ. ಸುಮ್ಮನೆ, ಅಭ್ಯಾಸಬಲದಿಂದ, ನನ್ನ ಬಾಯಿಗೆ ಮೂಗು ತಂದ. "ಆಹಾ! ಎಂಥ ಪರಿಮಳ ಮಾರಾಯ, ಹಲಸಿನ ಹಣ್ಣಿನ ಹಾಗೆ" ಎಂದು ತನ್ನಷ್ಟಕ್ಕೆ ಹೇಳಿ, ನನ್ನನ್ನು ರಾಶಿಯ ಮೇಲೆ ಎಸೆದ.