ತುದಿ ಮಡಚುವ ಬೆರಳು

ಗೌರಾಬಾಯಿಗೆ ಮೊಮ್ಮಗಳ ಮೇಲೆ ಸಿಟ್ಟು ಬಂದಿತ್ತು. ಕಲಾಶಾಲೆಯಲ್ಲಿ ಓದುವ ಪೂರ್ವಾ ಬಾಲಕಾರ್ಮಿಕರ ಬಗ್ಗೆ ಪ್ರದರ್ಶನ ಇಡುತ್ತಾಳಂತೆ, ಅದಕ್ಕೆ ಬೀಡಿ ಕಟ್ಟುವ ಮಗುವಿನ ಕೈಗಳನ್ನು ಮಣ್ಣಿನಲ್ಲಿ ಮಾಡುತ್ತಾಳಂತೆ, ಕೆಳಗೆ ಅಜ್ಜಿಯ ಹೆಸರು ಬರೆಯುತ್ತಾಳಂತೆ. ತನ್ನನ್ನು ಹೆತ್ತವಳ ಹೆಸರಿಗೆ ಮಸಿ ಬಳಿಯಲು ಮೊಮ್ಮಗಳೇ ಬೇಕಾಯಿತೇ? ನಿಪ್ಪಾಣಿಯ ಮನೆಯಲ್ಲಿ ಅವ್ವನ ಮಗ್ಗುಲಿಗೆ ಕೂತು ಬೀಡಿ ಕಟ್ಟಿದ್ದನ್ನು ಅವಳು ಪುಣೆಯ ಬಿಬವೇವಾಡಿಯ ಈ ಫ್ಲ್ಯಾಟಿನಲ್ಲಿ ನೂರು ಸಲ ಹೇಳಿದ್ದಳು, ನಿಜ. ಆದರೆ ಹೇಳಿದ್ದು ಹಬ್ಬದೂಟದ ಸುದ್ದಿ ಹೇಳಿದ ಹಾಗೆ.

"ಅವ್ವನ ಹೆಸರ ಕೆಡಸಬ್ಯಾಡ," ಎಂದಳು. "ಅಂಥಾ ಸುಖದ ದಿನಾ ನನಗ ಮತ್ತ ಬಂದಿಲ್ಲ."

ಸುಳ್ಳೇನಲ್ಲ. ಒದ್ದೆ ಅರಿವೆಯಲ್ಲಿ ಸುತ್ತಿಟ್ಟ ಎಲೆಯ ವಾಸನೆ, ಮೊರದ ಮೇಲೆ ಓಡುವ ಅವ್ವನ ಬೆರಳು, ಬೀಸುವ ಪದವನ್ನೇ ಬೀಡಿಗೆ ಹೊಂದಿಸಿ ಹಾಡುವ ಅವಳ ದನಿ. ಅವ್ವ ಸುತ್ತಿಕೊಟ್ಟ ಬೀಡಿಯ ತುದಿಯನ್ನು ಎಂಟು ವರ್ಷದ ಗೌರಾ ಉಗುರಿನಿಂದ ಮಡಚಬೇಕು. ಸಣ್ಣ ಬೆರಳಿಗೇ ಆ ಕೆಲಸ ಚೆನ್ನ.

ಆದರೂ ಮೊಮ್ಮಗಳು ಮಾಡಿದ ಮಣ್ಣಿನ ಕೈ ನೋಡಿ ಸುಮ್ಮನಿರಲಾಗಲಿಲ್ಲ. ಹೆಬ್ಬೆರಳು ಎಲ್ಲೋ, ಉಗುರು ಎಲ್ಲೋ. ಹಾಗೆ ಹಿಡಿದರೆ ಎಲೆ ಹರಿದೇ ಹೋಗುತ್ತದೆ. ಮಾಡುವುದೇ ಆದರೆ ನೆಟ್ಟಗೆ ಮಾಡು ಎಂದು ಬೈದು ತಾನೇ ಮೊರ, ಎಲೆ ಕತ್ತರಿಸುವ ಕತ್ತರಿ ಹಿಡಿದು ಕೂತಳು. ಪೂರ್ವಾ ಬೀಡಿ ಎಲೆ ತಂದಳು; ತಂಬಾಕಿನ ಬದಲು ಚಹಾಪುಡಿ. ನೋಡಿ ಮಾಡಲು ಎಳೆಯ ಕೈ ಬೇಕಲ್ಲ, ಅದಕ್ಕೆ ಕಿರಿಯ ಮೊಮ್ಮಗಳು ರೇಣು ಬಂದು ಕೂತಳು. ಅವಳಿಗೂ ಎಂಟೇ ವರ್ಷ.

ಐವತ್ತು ವರ್ಷದ ಹಿಂದೆ ಬಿಟ್ಟ ಕೆಲಸ ಬೆರಳಿಗೆ ತಾನಾಗಿ ಬಂತು. ಅಜ್ಜಿ ಸುತ್ತಿದಳು, ರೇಣು ಮಡಚಿದಳು, ಹಳೆಯ ಪದವೂ ಬಾಯಿಗೆ ಬಂತು. ಪೂರ್ವಾ ಮಣ್ಣು ತಿದ್ದುತ್ತ ಹೋದಳು. ಹತ್ತು ಬೀಡಿಗೆ ರೇಣುವಿನ ಉತ್ಸಾಹ ಮುಗಿಯಿತು. ಕೆಳಗಿನಿಂದ ಗೆಳತಿಯರು ಮರಾಠಿಯಲ್ಲಿ ಆಟಕ್ಕೆ ಕೂಗುತ್ತಿದ್ದರು. ಸಾಕು ಎಂದು ಎದ್ದಳು.

ಪಟ್ಟನೆ ಕತ್ತರಿಯ ಹಿಡಿ ಅವಳ ಬೆರಳ ಗೆಣ್ಣಿನ ಮೇಲೆ ಬಿತ್ತು.

"ಮೊರಾ ಖಾಲಿ ಆಗೂತನಾ ಏಳಬಾರದು."

ಹೊಡೆದ ಕೈ ಗೌರಾಬಾಯಿಯದು, ಮಾತು ಅವ್ವನದು. ನಿಪ್ಪಾಣಿಯಲ್ಲೂ ಹೀಗೇ ಕತ್ತರಿಯ ಹಿಡಿ, ತನ್ನ ಗೆಣ್ಣು, ಹೊರಗೆ ಕುಂಟಾಬಿಲ್ಲೆ ಆಡುವವರ ಗದ್ದಲ, ಬಾಗಿಲ ಕಡೆಗೇ ಇದ್ದ ತನ್ನ ಕಣ್ಣು. ಹಾಡನ್ನು ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡವಳು ಇದನ್ನೆಲ್ಲ ಮರೆತೇಬಿಟ್ಟಿದ್ದಳು.

ಅಳುವ ರೇಣುವಿನ ಬೆರಳುಗಳನ್ನು ಸೆರಗಿನಿಂದ ಒರೆಸಿ, ಮುದ್ದಿಸಿ, ಆಡಲು ಕಳಿಸಿದಳು. ಅವ್ವನ ಮೇಲೆ ಸಿಟ್ಟು ಬರಲಿಲ್ಲ, ಸಂಕಟವಾಯಿತು. ಅವ್ವನ ಗೆಣ್ಣಿನ ಮೇಲೂ ಒಂದು ಹಳೆಯ ಕಲೆ ಇತ್ತು. ಅದು ಹೇಗಾಯಿತೆಂದು ಗೌರಾ ಎಂದೂ ಕೇಳಿರಲಿಲ್ಲ.

"ನನ್ನ ಹೆಸರ ಬರಿ," ಎಂದಳು ಪೂರ್ವಾಳಿಗೆ. "ಬಾಜೂಕ ಅವ್ವನ ಕೈನೂ ಮಾಡು. ಅದನ್ನೂ ಸಣ್ಣ ಹುಡುಗಿ ಕೈ ಹಂಗ ಮಾಡು. ಆಕೀನ್ನೂ ಯಾರೂ ಆಡಾಕ ಬಿಟ್ಟಿರಲಿಕ್ಕಿಲ್ಲ."