ಅಧ್ಯಕ್ಷರ ಅನುಮತಿ

ನೀರು ಚಿಮುಕಿಸಿ ಗೋಣಿಯಲ್ಲಿ ಸುತ್ತಿಟ್ಟ ಬೀಡಿ ಎಲೆಗೆ ಮಳೆ ಬಿದ್ದ ಒಣಹುಲ್ಲಿನ ವಾಸನೆ. ಅದರಡಿಯಲ್ಲಿ ಸ್ವಲ್ಪ ಹೊಗೆಸೊಪ್ಪಿನ ಘಾಟು. ನನ್ನ ಬಾಲ್ಯವೆಲ್ಲ ಆ ವಾಸನೆಯಲ್ಲೇ ಕಳೆಯಿತು. ಅಮ್ಮ ಎಲೆ ತುಂಬಿದ ಗೆರಸೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಳಿಗ್ಗಿನಿಂದ ಸಂಜೆವರೆಗೆ ಬೀಡಿ ಕಟ್ಟುತ್ತಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಓದಿ ಹೇಳುವವರೂ ಆ ಕಾಲದಲ್ಲಿ ಇರಲಿಲ್ಲ.

ಈಗ ಇದ್ದಾರೆ. ಪುಂಜಾಲಕಟ್ಟೆಯಿಂದ ಸ್ವಲ್ಪ ಒಳಗಿರುವ ನಮ್ಮ ಊರಿನ ಲೈಬ್ರರಿಯನ್ನು ನೋಡಿಕೊಳ್ಳುವ ಹರಿಣಾಕ್ಷಿ, ಶನಿವಾರಗಳಂದು ಬೀಡಿ ಕಟ್ಟುವ ಹೆಂಗಸರನ್ನು ಜಗಲಿಯಲ್ಲಿ ಕೂರಿಸಿಕೊಂಡು ಕಾದಂಬರಿ ಓದುತ್ತಾಳೆ. "ಕೈಗೆ ಬಿಡುವಿಲ್ಲ, ಕಿವಿಗೆ ಉಂಟಲ್ಲ ಟೀಚರ್" ಎನ್ನುತ್ತಾಳೆ. ಅವಳ ಗಂಟಲು ಒಣಗಿದಾಗ ಪುಸ್ತಕ ನನ್ನ ಕೈಗೆ ಬರುತ್ತದೆ. ಶಾಲೆಯಿಂದ ನಿವೃತ್ತಳಾದ ಮೇಲೆ ನನಗೆ ಸಿಕ್ಕ ಒಳ್ಳೆಯ ಕೆಲಸ ಅದು. ಓದು ಮುಗಿದ ಮೇಲೆ ಹೆಂಗಸರು ಗದ್ದೆ ನಾಟಿಯ ಹಾಡು ಹೇಳುತ್ತಾರೆ. ಹರಿಣಾಕ್ಷಿ ಅದನ್ನು ಮೊಬೈಲಿನಲ್ಲಿ ಹಿಡಿದಿಟ್ಟು, ಪುಸ್ತಕಕ್ಕೆ ಬಂದ ಮಕ್ಕಳಿಗೆ ಕೇಳಿಸುತ್ತಾಳೆ.

ಈ ಸಲ ಓದಿದ್ದು ಶಿರ್ತಾಡಿಯ ಸಾಧನಾ ಎಂಬ ಯುವತಿ ಬರೆದ ಕಾದಂಬರಿ. ಅದರ ಮೊದಲ ಭಾಗದಲ್ಲಿ ನಾಯಕಿಯ ತಂಗಿ ಕುಸುಮಾಳನ್ನು ಮನೆಗೆಲಸಕ್ಕೆಂದು ಮುಂಬಯಿಯ ಬಸ್ಸು ಹತ್ತಿಸುತ್ತಾರೆ. ಆಮೇಲೆ ಅವಳ ಸುದ್ದಿಯೇ ಇಲ್ಲ. ನಮ್ಮ ಪೂವಮ್ಮ ಪ್ರತಿ ವಾರ ಬಂದು ಕೂರುವ ಮೊದಲೇ ಕೇಳುತ್ತಿದ್ದಳು, "ಇವತ್ತು ಕುಸುಮಾ ಬರ್ತಾಳಾ?" ಪೂವಮ್ಮನ ತಂಗಿಯೂ ಸಣ್ಣ ಪ್ರಾಯದಲ್ಲಿ ಹಾಗೆಯೇ ಮುಂಬಯಿಗೆ ಹೋದವಳು. ತಿರುಗಿ ಬಂದಿಲ್ಲ. ಪುಸ್ತಕ ಮುಗಿದ ದಿನ ಪೂವಮ್ಮ, "ಬರೆದವರನ್ನೇ ಕರೆಸು ಹರಿಣಾಕ್ಷಿ. ನಂಗೆ ಒಂದೇ ಮಾತು ಕೇಳ್ಲಿಕ್ಕುಂಟು" ಎಂದಳು. ಹರಿಣಾಕ್ಷಿ ಕರೆಸಿದಳು.

ಎಡವಟ್ಟಾದದ್ದು ಮೈಕಿನಿಂದ. ಮೈಕು ಮತ್ತು ಕುರ್ಚಿಗಳನ್ನು ಊರಿನ ಸಮಿತಿಯಿಂದ ಕೇಳಿ ತಂದಿದ್ದೆವು. ಮೈಕಿನ ಹಿಂದೆ ಸಮಿತಿ ಬಂತು. ಸಮಿತಿಯ ಹಿಂದೆ ಬ್ಯಾನರು, ದೀಪ, ಶಾಲು, ಹಣ್ಣಿನ ಬುಟ್ಟಿ ಬಂದವು. ನಾಲ್ಕು ಜನ ಕೂತು ಮಾತಾಡುವುದೆಂದರೆ ನಮ್ಮ ಕಡೆ ಅದು ಸಭಾ ಕಾರ್ಯಕ್ರಮವೇ ಆಗಬೇಕು. ನನ್ನನ್ನು ಅಧ್ಯಕ್ಷೆ ಮಾಡಿ ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಹೆಂಗಸರು ಹಿಂದೆ ಗೋಡೆಯ ಬದಿಯಲ್ಲಿ ಕೂತರು. ಹರಿಣಾಕ್ಷಿ ಫ್ಯಾನನ್ನು ಮೆಲ್ಲನೆ ಅವರ ಕಡೆಗೆ ತಿರುಗಿಸಿದ್ದು ಕಂಡಿತು.

ಪ್ರಾರ್ಥನೆ, ಸ್ವಾಗತ, ಪ್ರಸ್ತಾವನೆ, ದೀಪ. ಅತಿಥಿಗಳ ಪರಿಚಯ, ಪರಿಚಯಿಸಿದವರ ಪರಿಚಯ. ಮೈಕಿನ ಮುಂದೆ ಬಂದವರೆಲ್ಲ "ಅಧ್ಯಕ್ಷರ ಅನುಮತಿಯೊಂದಿಗೆ ಎರಡು ಮಾತು" ಎನ್ನುವರು. ಆಮೇಲೆ ಗಡಿಯಾರ ನೋಡುವವರಿಲ್ಲ. ಒಬ್ಬರಂತೂ ತಾನು ಪುಸ್ತಕ ಓದುವುದಿಲ್ಲ ಎಂಬುದನ್ನೇ ಬಹಳ ಹೊತ್ತು ವಿವರಿಸಿದರು. ಸಾಧನಾಳಿಗೆ ಶಾಲು ಹೊದೆಸಿ, ಫೋಟೋ ತೆಗೆದು, ಮತ್ತೆ ಕೂರಿಸಿದರು. ಅವಳು ಒಂದು ಗಂಟೆಯ ಬಸ್ಸಿಗೆ ಹೊರಡಬೇಕು. ಮೂಡುಬಿದಿರೆಯಲ್ಲಿ ಮಧ್ಯಾಹ್ನ ಅವಳು ಕ್ಲಾಸು ತೆಗೆದುಕೊಳ್ಳಬೇಕಿತ್ತು. ನನ್ನ ಸಿಟ್ಟು ಏರುತ್ತಾ ಬಂತು. ಪೂವಮ್ಮ ಗೋಡೆಯ ಬದಿಯಿಂದ ನನ್ನನ್ನೇ ನೋಡುತ್ತಿದ್ದಳು.

ಹನ್ನೆರಡೂವರೆಗೆ ಸಮಿತಿಯ ಚಿದಾನಂದ ಮೈಕು ಹಿಡಿದ. "ಸಮಯದ ಅಭಾವದಿಂದ ಮಹಿಳೆಯರ ಹಾಡು ಮತ್ತು ಪ್ರಶ್ನೆಗಳನ್ನು ಕೈಬಿಡಲಾಗಿದೆ. ಈಗ ಅಧ್ಯಕ್ಷರ ಅನುಮತಿಯೊಂದಿಗೆ ನಮ್ಮ ಸಮಿತಿ ನಡೆದು ಬಂದ ದಾರಿಯ ಬಗ್ಗೆ ಎರಡು ಮಾತು."

"ಅನುಮತಿ ಇಲ್ಲ" ಎಂದೆ.

ಚಿದಾನಂದ ನಕ್ಕ. "ಟೀಚರ್ ತಮಾಷೆ ಮಾಡ್ತಾರೆ."

"ತಮಾಷೆ ಅಲ್ಲ. ಬೆಳಿಗ್ಗಿನಿಂದ ಎಲ್ಲರೂ ನನ್ನ ಅನುಮತಿ ಕೇಳಿದ್ದೀರಿ. ಉತ್ತರಕ್ಕೆ ಒಬ್ಬರೂ ಕಾಯಲಿಲ್ಲ. ಈಗ ಹೇಳ್ತಾ ಇದ್ದೇನೆ. ಇಲ್ಲ."

"ಅದೊಂದು ಕ್ರಮ ಅಲ್ವಾ ಟೀಚರ್. ಹೇಳ್ಬೇಕು ಅಂತ ಹೇಳುವುದು."

"ಹಾಗಾದ್ರೆ ಕ್ರಮದಲ್ಲೇ ಹೋಗುವ. ಸಭೆ ಮುಗಿಸುವ ಅಧಿಕಾರವೂ ಅಧ್ಯಕ್ಷರಿಗೇ ಅಲ್ವಾ ಇರುವುದು? ಮುಗಿಸಿದ್ದೇನೆ."

ಮೂವತ್ತು ವರ್ಷ ಮಕ್ಕಳ ಮುಂದೆಯೂ ನಾನು ಆ ಸ್ವರ ಎತ್ತಿರಲಿಲ್ಲ. ಚಿದಾನಂದನ ಮುಖ ಕಪ್ಪಿಟ್ಟಿತು. ಮೈಕು ಆಫ್ ಮಾಡಿಸಿದ, ಕುರ್ಚಿಗಳನ್ನು ವ್ಯಾನಿಗೆ ಹಾಕಿಸಿದ. ಗಣ್ಯರಿಗೆಂದು ತರಿಸಿದ್ದ ಊಟದ ಕ್ಯಾರಿಯರೂ ವ್ಯಾನು ಹತ್ತಿತು. ಹೋಗುವಾಗ ನನ್ನನ್ನು ಬಿಟ್ಟು ಹರಿಣಾಕ್ಷಿಯ ಎದುರು ನಿಂತ. "ಇನ್ನು ನಿಮ್ಮ ಲೈಬ್ರರಿಗೆ ನಮ್ಮ ಒಂದು ಕುರ್ಚಿಯೂ ಸಿಗುವುದಿಲ್ಲ. ನೆನಪಿರಲಿ."

ಹರಿಣಾಕ್ಷಿ, "ಆಯ್ತು ಅಣ್ಣ" ಎಂದಳು. "ನೆಲ ಉಂಟಲ್ಲ."

ನೆಲದಲ್ಲೇ ಕೂತೆವು. ಸಾಧನಾ ಶಾಲು ಮಡಚಿ ಬದಿಗಿಟ್ಟು ಹೆಂಗಸರ ನಡುವೆ ಬಂದಳು. ಅವಳಿಗೆ ಕೆಮ್ಮು ಬಂದೀತೆಂದು ಒಬ್ಬಾಕೆ ಹೊಗೆಸೊಪ್ಪಿನ ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿದಳು. ಪೂವಮ್ಮ ಪೀಠಿಕೆ ಹಾಕಲಿಲ್ಲ.

"ಮೇಡಂ, ಕುಸುಮಾ ಎಲ್ಲಿ?"

ಸಾಧನಾಳಿಗೆ ಹೊಳೆಯಲಿಲ್ಲ. "ಯಾವ ಕುಸುಮಾ?"

ಬೀಡಿ ಸುತ್ತುತ್ತಿದ್ದ ಕೈಗಳೆಲ್ಲ ನಿಂತವು. "ನೀವೇ ಅಲ್ವಾ ಬಸ್ ಹತ್ತಿಸಿದ್ದು" ಎಂದಳು ಪೂವಮ್ಮ. ಅವಳ ಸಿಟ್ಟಿನ ಮುಂದೆ ನನ್ನದು ಏನೂ ಅಲ್ಲ.

ಸಾಧನಾ ತಲೆ ತಗ್ಗಿಸಿದಳು. "ಸುಳ್ಳು ಹೇಳುವುದಿಲ್ಲ ಅಕ್ಕ. ನಾಯಕಿಯ ಕಥೆ ಮುಂದೆ ಹೋಗ್ಲಿಕ್ಕೆ ತಂಗಿ ಮನೆಯಲ್ಲಿ ಇರಬಾರದಿತ್ತು. ಕಳಿಸಿಬಿಟ್ಟೆ. ಮತ್ತೆ ನೆನಪೇ ಆಗ್ಲಿಲ್ಲ."

"ನಮ್ಮಪ್ಪನೂ ಹೀಗೇ ಹೇಳಿದ್ದು. ಮನೆಯಲ್ಲಿ ಉಣ್ಣುವ ಬಾಯಿ ಜಾಸ್ತಿ ಇತ್ತು, ಕಳಿಸಿದೆ ಅಂತ."

ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಸಾಧನಾ ಏಳಲಿಲ್ಲ. "ನಿಮ್ಮ ತಂಗಿಯ ಹೆಸರೇನು?" ಎಂದಳು.

"ಯಾಕೆ? ಇನ್ನೊಂದು ಪುಸ್ತಕಕ್ಕಾ?"

"ಗೊತ್ತಿಲ್ಲ. ಕೇಳ್ಬೇಕು ಅನ್ನಿಸ್ತು."

ಪೂವಮ್ಮ ಅರ್ಧ ಸುತ್ತಿದ್ದ ಬೀಡಿಗೆ ನೂಲು ಕಟ್ಟಿ ಗೆರಸೆಗೆ ಹಾಕಿದಳು. "ಲೀಲಾ" ಎಂದಳು ಕೊನೆಗೆ. "ನಾಟಿಗೆ ಒಬ್ಬರು ಹಾಡು ಹೇಳಿದ್ರೆ ಇನ್ನೊಬ್ಬರು ಎತ್ತಿಕೊಳ್ಬೇಕು. ನಾನು ಹೇಳ್ತಿದ್ದೆ, ಅವಳು ಎತ್ತಿಕೊಳ್ತಿದ್ದಳು." ಮತ್ತೆ, ಯಾರೂ ಕೇಳದೆಯೇ, ಒಂದು ಸಾಲು ಹಾಡಿ ನಿಲ್ಲಿಸಿದಳು. ಉಳಿದವರಿಗೆಲ್ಲ ಆ ಹಾಡು ಗೊತ್ತು. ಆದರೂ ಒಬ್ಬರೂ ಎತ್ತಿಕೊಳ್ಳಲಿಲ್ಲ. ಹರಿಣಾಕ್ಷಿ ಮೊಬೈಲನ್ನು ಮುಟ್ಟಲಿಲ್ಲ.

ಸಾಧನಾ ಹೊರಗೆ ಹೋಗಿ, ಕ್ಲಾಸಿಗೆ ಬರಲಾಗುವುದಿಲ್ಲವೆಂದು ಫೋನು ಮಾಡಿ ಬಂದು ಮತ್ತೆ ಅಲ್ಲೇ ಕೂತಳು. ಗಂಟೆ ಎರಡು ದಾಟಿತ್ತು; ಅವಳ ಊಟ ಆಗಿರಲಿಲ್ಲ. ಪೂವಮ್ಮನ ಸಿಟ್ಟು ಇಳಿದಿರಲಿಲ್ಲ; ಹುಬ್ಬು ಗಂಟಿಕ್ಕಿಯೇ ಇತ್ತು. ಚೀಲದಿಂದ ತನ್ನ ಬುತ್ತಿ ತೆಗೆದು, ಕುಚ್ಚಲಕ್ಕಿ ಅನ್ನದ ಮೇಲೆ ತಿಮರೆ ಸೊಪ್ಪಿನ ಚಟ್ನಿಯನ್ನು ಬೆರಳಿನಿಂದ ಸರಿಮಾಡಿ, ಸಾಧನಾಳ ಮುಖ ನೋಡದೆ ಅವಳ ಕೈಗೆ ಕೊಟ್ಟಳು.