ಮನೆಯವರದು ಕೊನೆಯ ಪಂಕ್ತಿ

ನನ್ನ ಹೆಸರು ಶಶಿಪ್ರಭಾ. ಮೂಡುಬಿದಿರೆಯಲ್ಲಿ ಹುಡುಗಿಯರಿಗೆ ಟ್ರ್ಯಾಂಪೊಲಿನ್ ಜಿಮ್ನಾಸ್ಟಿಕ್ಸ್, ಅಂದರೆ ಸ್ಪ್ರಿಂಗಿನ ಬಲೆಯ ಮೇಲೆ ಹಾರಿ ಲಾಗ ಹಾಕುವ ಆಟ, ಕಲಿಸುತ್ತೇನೆ. ಮಕ್ಕಳ ಬರ್ತ್‌ಡೇಗೆ ಆ ಬಲೆಯನ್ನು ಬಾಡಿಗೆಗೆ ಕೊಡ್ತೀರಾ ಎಂದು ಕೇಳಿಕೊಂಡು ಬಂದವರು ಈವರೆಗೆ ಏಳು ಮಂದಿ. ಏಳು ಮಂದಿಗೂ ಬೈದು ಕಳಿಸಿದ್ದೇನೆ. ಇಂಥ ಊರಿಗೆ ರಾಷ್ಟ್ರೀಯ ಕ್ಲಬ್ ಲೀಗಿನ ಒಂದು ಸುತ್ತು ಬರುತ್ತದೆ ಎಂದಾಗ ಮೊದಲು ನಂಬದವಳು ನಾನೇ.

ಲೀಗಿಗೆ ಇದು ಮೊದಲ ವರ್ಷ. ಇಡೀ ದೇಶದಿಂದ ಆರೇ ಕ್ಲಬ್ಬು. ಆರನೆಯವರು ನಾವು, ಅದೂ ಇನ್ನೊಂದು ಕ್ಲಬ್ ಹಿಂದೆ ಸರಿದ ಪುಣ್ಯದಿಂದ. ನನಗೆ ಬೇಕಾಗಿದ್ದ ನಿಯಮ ಒಂದೇ: ಈ ಸುತ್ತಿನಲ್ಲಿ ನಲವತ್ತನಾಲ್ಕು ಅಂಕ ದಾಟಿದ ಹುಡುಗಿಗೆ ರಾಷ್ಟ್ರೀಯ ಶಿಬಿರದಲ್ಲಿ ಜಾಗ. ನಮ್ಮ ಸಾತ್ವಿಕಾ ಶಿರ್ತಾಡಿಯಿಂದ ಮೊದಲ ಬಸ್ಸಿಗೆ ಬಂದು ಐದು ವರ್ಷ ಬೆವರು ಸುರಿಸಿದವಳು. ಅಭ್ಯಾಸದಲ್ಲಿ ನಲವತ್ತೈದು ಮಾಡಿದ್ದಳು. ವಯಸ್ಸಿನ ಮಿತಿಯಿಂದಾಗಿ ಶಿಬಿರಕ್ಕೆ ಹೋಗಲು ಅವಳಿಗೆ ಇದೇ ಕೊನೆಯ ಅವಕಾಶ.

ಹಾರುವವರಿಗೆ ತಲೆಯ ಮೇಲೆ ಎಂಟು ಮೀಟರ್ ಜಾಗ ಬೇಕು. ಬಂಟ್ವಾಳ, ಬೆಳ್ತಂಗಡಿ ಎಲ್ಲ ಸುತ್ತಿದೆವು. ಮೆಲ್ಕಾರಿನಲ್ಲಿ ಸಿಕ್ಕಿದ ಸಭಾಭವನದಲ್ಲಿ ಸಾಲಾಗಿ ಫ್ಯಾನು ನೇತಾಡುತ್ತಿದ್ದವು. ಕಡೆಗೆ ಮೂಡುಬಿದಿರೆಯ ಒಂದು ಮದುವೆ ಹಾಲೇ ಗತಿಯಾಯಿತು. ಎಡವಟ್ಟು ಅಲ್ಲಿಂದಲೇ ಶುರು. ಮದುವೆ ಹಾಲಿಗೆ ಕಾಲಿಟ್ಟರೆ ನಮ್ಮವರಿಗೆ ಬೇರೇನೂ ನೆನಪಾಗುವುದಿಲ್ಲ.

ಸ್ವಾಗತ ಸಮಿತಿಯ ಅಧ್ಯಕ್ಷ ಜಯರಾಜಣ್ಣ ಮೊದಲು ನಿಶ್ಚಯಿಸಿದ್ದು ಅಡುಗೆಯವರನ್ನು, ಆಮೇಲೆ ಆಂಬುಲೆನ್ಸನ್ನು. ಅಷ್ಟರಲ್ಲಿ ಲೀಗಿನವರ ಫೋನ್ ಬಂತು: ಯಾರ ನಂತರ ಯಾರು ಹಾರಬೇಕೆಂಬ ಪಟ್ಟಿಯನ್ನು ಆತಿಥೇಯ ಕ್ಲಬ್ಬೇ ಬರೆದು ಕಳಿಸಲಿ.

"ಅದರಲ್ಲಿ ಕೇಳ್ಲಿಕ್ಕೆ ಎಂತ ಉಂಟು ಮೇಡಂ?" ಎಂದರು ಜಯರಾಜಣ್ಣ. "ಹೊರಗಿನವರು ಮೊದಲು. ಮನೆಯವರು ಎಲ್ಲಿಯಾದ್ರೂ ಮೊದಲ ಪಂಕ್ತಿಗೆ ಕೂರ್ತಾರಾ ಮಾರಾಯ್ರೆ?"

ಬ್ಯಾನರಿನ ಬಣ್ಣಕ್ಕೂ ಜಗಳ ತೆಗೆದವಳು ನಾನು. ಇದಕ್ಕೆ ಮಾತ್ರ "ಅದು ಹೌದು" ಎಂದೆ. ನಮ್ಮ ಮನೆಯ ಯಾವ ಊಟದಲ್ಲೂ ನಾನು ಮೊದಲು ಕೂತವಳಲ್ಲ. ಪಟ್ಟಿಯ ತುದಿಯಲ್ಲಿ ನಮ್ಮ ಕ್ಲಬ್ಬಿನ ಒಬ್ಬಳೇ ಸ್ಪರ್ಧಿ ಸಾತ್ವಿಕಾಳ ಹೆಸರು ಬರೆದು ಸಹಿ ಹಾಕಿದೆ.

ಆ ದಿನ ಒಂಬತ್ತಕ್ಕೆ ಸಭಾ ಕಾರ್ಯಕ್ರಮ. ವೇದಿಕೆಯಲ್ಲಿ ಹದಿನೇಳು ಮಂದಿ. ಹದಿನೇಳು ಮಂದಿಗೂ ಶಾಲು, ಹಾರ, ಹಣ್ಣಿನ ಬುಟ್ಟಿ. ಲಂಕೆಗೆ ಹಾರಿದ ಹನುಮಂತನೇ ಈ ಆಟದ ಮೊದಲ ಕ್ರೀಡಾಪಟು ಎಂದು ಒಬ್ಬರು ಇಪ್ಪತ್ತು ನಿಮಿಷ ವಿವರಿಸಿದರು. ಅವನಿಗೆ ಅಂಕ ಕೊಟ್ಟವರು ಯಾರೆಂದು ಎದ್ದು ಕೇಳಬೇಕೆನಿಸಿತು. ಸಭೆ ಮುಗಿಯುವಾಗ ಹನ್ನೆರಡೂವರೆ. ನೇರ ಊಟ.

ಊಟವೆಂದರೆ ಊಟ! ಪುಣೆಯ ಕ್ಲಬ್ಬಿನ ಹುಡುಗಿಯರಿಗೆ ಹೋಳಿಗೆ ಬಡಿಸುತ್ತಿದ್ದವಳು ಸಾತ್ವಿಕಾ, ಸ್ಪರ್ಧೆಯ ಉಡುಪಿನ ಮೇಲೆ ಜಾಕೆಟ್ ಹಾಕಿಕೊಂಡು. ಅವಳು ಮಾತ್ರ, ಹಾರುವ ಮೊದಲು ಹೊಟ್ಟೆ ಹಗುರವಾಗಿರಲಿ ಎಂದು ಒಂದು ಬಾಳೆಹಣ್ಣು ತಿಂದಿದ್ದಳು. ತೀರ್ಪುಗಾರರು ಪಾಯಸ ಎರಡು ಸಲ ಹಾಕಿಸಿಕೊಂಡರು. ಸಂಜೆಯ ವಿಮಾನಕ್ಕೆ ನಾಲ್ಕು ಗಂಟೆಗೆ ಹೊರಡಲೇಬೇಕು ಎಂದು ಅವರು ಹೇಳಿದ್ದು ಕೈ ತೊಳೆಯುವಾಗ.

ಸ್ಪರ್ಧೆ ಶುರುವಾದದ್ದು ಎರಡಕ್ಕೆ. ಐದನೆಯ ಕ್ಲಬ್ಬಿನ ಕೊನೆಯ ಹುಡುಗಿ ಇಳಿಯುವಾಗ ನಾಲ್ಕಕ್ಕೆ ಎರಡೇ ನಿಮಿಷ. ಮುಖ್ಯ ತೀರ್ಪುಗಾರರು ಫೈಲು ಮುಚ್ಚಿದರು. ನಾನು ಓಡಿ ಹೋಗಿ ಅಡ್ಡ ನಿಂತೆ, ಐದು ನಿಮಿಷ ಕೊಡಿ ಎಂದು ಕೈಮುಗಿದೆ. ಅವರು ಪಟ್ಟಿ ತಿರುಗಿಸಿ ನನ್ನ ಸಹಿ ತೋರಿಸಿ, ಹೊರಗೆ ಕಾರಿನತ್ತ ನಡೆದರು.

"ಜಯರಾಜಣ್ಣ, ಅವರನ್ನು ನಿಲ್ಸಿ!" ಎಂದು ಹಿಂದೆಯೇ ಓಡುತ್ತಾ ಕೂಗಿದೆ.

"ಛೆ, ಹೊರಟವರನ್ನು ತಡೆಯುವುದುಂಟಾ ಮೇಡಂ?" ಎನ್ನುತ್ತಾ ಅವರು ಕಾರಿನ ಡಿಕ್ಕಿಗೆ ಹಣ್ಣಿನ ಬುಟ್ಟಿ ತುಂಬಿಸುತ್ತಿದ್ದರು.

ಒಳಗೆ ಬಂದರೆ ಸಾತ್ವಿಕಾ ಜಾಕೆಟ್ ಬಿಚ್ಚಿ ನಿಂತಿದ್ದಳು. "ಹಾರ್ಲಾ ಟೀಚರ್?" ಎಂದಳು. "ಹಾರು" ಎಂದೆ. ಸ್ಪರ್ಧೆಯ ಹತ್ತು ಲಾಗವನ್ನೂ ಹಾಕಿದಳು, ಹತ್ತೂ ಸಲ ಬಲೆಯ ನಡುವಿನ ಕೆಂಪು ಗುರುತಿನ ಮೇಲೆಯೇ ಇಳಿದಳು. ನನ್ನ ಎಣಿಕೆಯಲ್ಲಿ ನಲವತ್ತಾರು. ಊಟದ ಎಲೆ ತೆಗೆಯುತ್ತಿದ್ದ ಕೆಲಸದ ಪೂವಮ್ಮ ಒಬ್ಬರೇ ಚಪ್ಪಾಳೆ ತಟ್ಟಿದರು. ನಾನು ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಹದಿನೈದು ದಿನ ಬಿಟ್ಟು ಲೀಗಿನಿಂದ ಲಕೋಟೆ ಬಂತು. ಅತ್ಯುತ್ತಮ ಆತಿಥ್ಯದ ಪ್ರಮಾಣಪತ್ರ ನಮ್ಮ ಕ್ಲಬ್ಬಿಗೆ. ಜಯರಾಜಣ್ಣ ಅದಕ್ಕೆ ಅಂದೇ ಫ್ರೇಮ್ ಹಾಕಿಸಿದರು. ಲಕೋಟೆಯಲ್ಲೇ ಉಳಿದಿದ್ದ ಫಲಿತಾಂಶದ ಹಾಳೆಯನ್ನು ಸಾತ್ವಿಕಾ ಎತ್ತಿಕೊಂಡಳು. ಅವಳ ಹೆಸರಿನ ಎದುರು "ಗೈರುಹಾಜರಿ" ಎಂದಿತ್ತು.

"ಟೀಚರ್, ನಾನು ಇಲ್ಲೇ ಇದ್ದೆ ಅಲ್ವಾ?" ಎಂದಳು. "ಅವರಿಗೆಲ್ಲ ಹೋಳಿಗೆ ಬಡಿಸಿದ್ದು ನಾನೇ ಅಲ್ವಾ?"